ಹಳೆಯ ಕಂಪ್ಯೂಟರ್ ನಿಧಾನವಾದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಕಂಪ್ಯೂಟರು ಮತ್ತು ಮೆಮೊರಿಯ ಬಗ್ಗೆಯೇ ಇವೆ. ದುಡ್ಡು ಖರ್ಚು ಮಾಡುವ ಮೊದಲು ಕೊರತೆ ನಿಜವಾಗಿ ಎಲ್ಲಿದೆ ಎಂದು ನೋಡಿಕೊಳ್ಳಿ ಎಂಬುದು ಎಲ್ಲರಿಗೂ ನಮ್ಮ ಮೊದಲ ಮಾತು.

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಎಚ್61 ಮದರ್‌ಬೋರ್ಡಿನ ಐ3 ಕಂಪ್ಯೂಟರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಆನ್ ಮಾಡಿದರೆ ತುಂಬಾ ಹೊತ್ತು ಮೌಸ್ ಕೂಡ ಸರಿಯಾಗಿ ಓಡುವುದಿಲ್ಲ. ಕ್ರೋಮ್, ನುಡಿ, ಪಿಡಿಎಫ್ ಒಟ್ಟಿಗೆ ತೆರೆದರೆ ಪೂರಾ ನಿಂತೇಬಿಡುತ್ತದೆ. ರ‍್ಯಾಮ್ ಹಾಕಿಸಬೇಕೋ, ಎಸ್‌ಎಸ್‌ಡಿ ಹಾಕಿಸಬೇಕೋ? ಸದ್ಯಕ್ಕೆ ಒಂದಕ್ಕೆ ಮಾತ್ರ ದುಡ್ಡು ಹೊಂದಿಸಬಹುದು.

ಉತ್ತರ: ಮೊದಲು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಫೈಲಿಡುವ ವೇಗದ ಡಿಸ್ಕು. ಯಾಕೆ ಎಂಬುದನ್ನು ನೀವೇ ಕಣ್ಣಾರೆ ನೋಡಬಹುದು. ಬೆಳಿಗ್ಗೆ ಕಂಪ್ಯೂಟರ್ ಏಳುತ್ತಿದ್ದಂತೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಡಿಸ್ಕ್’ ಕಾಲಂ 100% ತೋರಿಸುತ್ತಾ ‘ಮೆಮೊರಿ’ 60%ರ ಆಸುಪಾಸಿನಲ್ಲಿದ್ದರೆ ಆ ಹೊತ್ತಿನ ತೊಂದರೆಗೆ ರ‍್ಯಾಮ್ ಕಾರಣವಲ್ಲ. ಹಾರ್ಡ್ ಡಿಸ್ಕ್ ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಓದಬಲ್ಲದು; ಎಸ್‌ಎಸ್‌ಡಿ ಸಾವಿರಾರು ಸಲ ಓದುತ್ತದೆ.

ಮೂರು ಪ್ರೋಗ್ರಾಂ ತೆರೆದಾಗ ಆಗುವುದು ಬೇರೆ. ಆಗ ‘ಪರ್ಫಾರ್ಮೆನ್ಸ್’ ಟ್ಯಾಬಿನಲ್ಲಿ ಮೆಮೊರಿ ಒತ್ತಿ, ಕೆಳಗೆ ‘ಕಮಿಟೆಡ್’ ಎಂಬಲ್ಲಿರುವ ಎರಡು ಅಂಕಿಗಳನ್ನು ನೋಡಿ. ಮೊದಲ ಅಂಕಿ ನಿಮ್ಮ 4 ಜಿಬಿಯನ್ನು ಸದಾ ದಾಟಿಯೇ ಇದ್ದರೆ ರ‍್ಯಾಮ್ ಸಾಲುತ್ತಿಲ್ಲ, ಹೆಚ್ಚುವರಿಯನ್ನು ವಿಂಡೋಸ್ ಡಿಸ್ಕಿನಲ್ಲಿರುವ ‘ಪೇಜ್‌ಫೈಲ್’ ಎಂಬ ಫೈಲಿಗೆ ಇಳಿಸುತ್ತಿರುವ ಸಾಧ್ಯತೆ ಹೆಚ್ಚು. ನಿಧಾನದ ಡಿಸ್ಕಿಗೆ ಇಳಿಸಿ ಮತ್ತೆ ಎತ್ತಿಕೊಳ್ಳುವುದರಲ್ಲೇ ಕಂಪ್ಯೂಟರ್ ನಿಂತಂತೆ ಕಾಣುತ್ತದೆ. ಎಸ್‌ಎಸ್‌ಡಿ ಹಾಕಿ ವಿಂಡೋಸನ್ನು ಅದಕ್ಕೆ ತಂದರೆ ಪೇಜ್‌ಫೈಲೂ ಅದಕ್ಕೇ ಹೋಗುತ್ತದೆ. ಹಾಗಾಗಿ ಒಂದೇ ಖರ್ಚಿನಲ್ಲಿ ಎರಡೂ ತೊಂದರೆ ತಗ್ಗುತ್ತವೆ. ಬರೀ ರ‍್ಯಾಮ್ ಹಾಕಿಸಿದರೆ ಬೆಳಗಿನ ಕಾಯುವಿಕೆ ಹಾಗೇ ಉಳಿಯುತ್ತದೆ.

2.5 ಇಂಚಿನ ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಒಂದು ಬಗೆ) ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಸಾಕು. ಎಚ್61 ಚಿಪ್‌ಸೆಟ್ಟಿನ ಸಾಟಾ ಪೋರ್ಟುಗಳು ಸೆಕೆಂಡಿಗೆ 3 ಗಿಗಾಬಿಟ್‌ನವು. ಎಸ್‌ಎಸ್‌ಡಿ ಪೂರ್ತಿ ವೇಗದಲ್ಲಿ ಓಡದಿದ್ದರೂ ಚಿಂತೆಯಿಲ್ಲ, ಮೇಲೆ ಹೇಳಿದ ಸಣ್ಣ ಫೈಲುಗಳ ಓದಿನಲ್ಲೇ ಲಾಭವಿರುವುದು. ಹೊಸದಾಗಿ ವಿಂಡೋಸ್ ಹಾಕುವುದಾದರೆ ಅದಕ್ಕೂ ಮೊದಲೇ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸೆಟ್ಟಿಂಗಿನಲ್ಲಿ) ಸಾಟಾ ಮೋಡ್ ‘ಎಎಚ್‌ಸಿಐ’ ಇದೆಯೇ ನೋಡಿ. ‘ಐಡಿಇ’ ಎಂಬ ಹಳೆಯ ಮೋಡಿನಲ್ಲಿ ವಿಂಡೋಸ್ ಹಾಕಿ ಆಮೇಲೆ ಬದಲಿಸಿದರೆ ಬೂಟ್ ಆಗದೆ ನೀಲಿ ಪರದೆ ಬರಬಹುದು. ಹಳೆಯ ಡಿಸ್ಕನ್ನು ಬಿಸಾಡಬೇಡಿ, ಗಿರಾಕಿಗಳ ಫೈಲಿಟ್ಟುಕೊಳ್ಳಲು ಜೊತೆಯಲ್ಲೇ ಇರಲಿ. ಆದರೆ ಅದಕ್ಕೂ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂನಲ್ಲಿ ಅದರ ಆರೋಗ್ಯ ನೋಡಲೇಬೇಕು. ‘ಕಾಷನ್’ ಎಂದು ಹಳದಿ ತೋರಿಸಿದರೆ ಡಿಸ್ಕಿನ ಸೆಕ್ಟರುಗಳು ಕೆಡುತ್ತಿವೆ. ಇಷ್ಟು ನಿಧಾನವಾಗಲು ಅದೇ ಕಾರಣವಿದ್ದರೂ ಇರಬಹುದು. ಹಾಗಿದ್ದರೆ ಉಳಿದ ಕೆಲಸ ಬದಿಗಿಟ್ಟು ಆವತ್ತೇ ಫೈಲುಗಳನ್ನು ಬೇರೆಡೆಗೆ ನಕಲು ಮಾಡಿ.

ಮುಂದೆ ದುಡ್ಡು ಕೂಡಿದಾಗ ಇನ್ನೊಂದು 4 ಜಿಬಿ ಹಾಕಿಸಿ. ಎಚ್61ಗೆ ಬೇಕಿರುವುದು ಡಿಡಿಆರ್3 ಎಂಬ ಬಗೆ. ಟಾಸ್ಕ್ ಮ್ಯಾನೇಜರಿನಲ್ಲಿ ‘ಸ್ಲಾಟ್ಸ್ ಯೂಸ್ಡ್: 1 ಆಫ್ 2’ ಎಂದಿದ್ದರೆ ಜಾಗ ಖಾಲಿಯಿದೆ. ತೀರಾ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಕಡ್ಡಿಗಳು ಎಎಂಡಿ ಬೋರ್ಡಿಗೆ ಮಾತ್ರ ಹೊಂದುತ್ತವೆ, ನಿಮ್ಮದರಂಥ ಇಂಟೆಲ್ ಬೋರ್ಡಿನಲ್ಲಿ ಏಳುವುದೇ ಇಲ್ಲ. ಕೊಳ್ಳುವಾಗ ಕೇಳಿ, ಸಾಧ್ಯವಾದರೆ ಅಂಗಡಿಯಲ್ಲೇ ಹಾಕಿಸಿ ನೋಡಿ. ಎರಡು ಕಡ್ಡಿಗಳ ವೇಗ ಬೇರೆಯಾದರೆ ಎರಡೂ ಕಡಿಮೆ ವೇಗದಲ್ಲಿ ಓಡುತ್ತವೆ, ಅಷ್ಟೇ.

ಖರ್ಚಿಲ್ಲದ ಕೆಲಸವೊಂದು ಇವತ್ತೇ ಮಾಡಿ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಟ್ಯಾಬಿನಲ್ಲಿ ಪ್ರಿಂಟರ್ ಅಪ್‌ಡೇಟರ್, ಮೀಟಿಂಗ್ ಆ್ಯಪ್, ಗೇಮ್ ಲಾಂಚರ್ ಇಂಥವನ್ನೆಲ್ಲ ಡಿಸೇಬಲ್ ಮಾಡಿ; ಆ್ಯಂಟಿವೈರಸ್ ಮುಟ್ಟಬೇಡಿ. ಇನ್ನೊಂದು ವಿಷಯ: ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ರಾತ್ರಿ ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ಒಳಭಾಗ ಹೊಸದಾಗಿ ಶುರುವಾಗುವುದಿಲ್ಲ. ವಾರಕ್ಕೊಮ್ಮೆಯಾದರೂ ‘ರೀಸ್ಟಾರ್ಟ್’ ಕೊಡಿ.

ಪ್ರಶ್ನೆ: ಹೊಸನಗರದ ಕಡೆಯವರು ನಾವು. ಮಳೆಗಾಲದಲ್ಲಿ ಮುಚ್ಚಿಟ್ಟಿದ್ದ ಕಂಪ್ಯೂಟರ್ ಈಗ ಆನ್ ಮಾಡಿದರೆ ಬೀಪ್ ಬೀಪ್ ಎನ್ನುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ರ‍್ಯಾಮ್ ಹೋಗಿದೆ ಎಂದರು. ಹೌದೇ?

ಉತ್ತರ: ಹೋಗಿರಲಿಕ್ಕಿಲ್ಲ. ಮಲೆನಾಡಿನ ಮಳೆಗಾಲದ ಥಂಡಿಗೆ ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ಪಟ್ಟಿಗಳೂ ಸ್ಲಾಟಿನ ಒಳಗಿನ ತಂತಿಗಳೂ ಮಂಕಾಗಿ ಸಂಪರ್ಕ ತಪ್ಪುತ್ತದೆ. ನಮ್ಮ ಕಡೆ ಇದು ತುಂಬಾ ಸಾಮಾನ್ಯ.

ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟು ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿದ ಮೇಲೆ ಸ್ಲಾಟಿನ ಎರಡೂ ತುದಿಯ ಕ್ಲಿಪ್ಪು ಒತ್ತಿ ಕಡ್ಡಿ ತೆಗೆಯಿರಿ. ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳೆಯುವ ಪಟ್ಟಿಗಳ ನಡುವೆ ಕಂದು ಮಚ್ಚೆಯೋ ಬಿಳಿ ಮಬ್ಬೋ ಕಾಣುತ್ತದೆ. ಮಕ್ಕಳ ಹೊಸ ಬಿಳಿ ರಬ್ಬರಿನಿಂದ ಪಟ್ಟಿಯ ಉದ್ದಕ್ಕೆ, ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಮದರ್‌ಬೋರ್ಡಿನ ಮೇಲೆ ಹಿಡಿದುಕೊಂಡು ಉಜ್ಜಬೇಡಿ, ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಇನ್ನೊಂದು ತೊಂದರೆ. ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಅದರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸ್ಲಾಟಿಗೆ ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಸೇರುತ್ತದೆ. ಕಡ್ಡಿಯ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರಿಸಿ, ಎರಡೂ ಕಡೆ ಕ್ಲಿಪ್ಪು ‘ಟಕ್’ ಎನ್ನುವವರೆಗೆ ಒತ್ತಿ. ಎರಡು ಕಡ್ಡಿಯಿದ್ದರೆ ಒಂದೊಂದನ್ನೇ ಹಾಕಿ, ಸ್ಲಾಟು ಬದಲಿಸಿ ನೋಡಿದರೆ ಕೆಟ್ಟಿದ್ದು ಕಡ್ಡಿಯೋ ಸ್ಲಾಟೋ ಗೊತ್ತಾಗುತ್ತದೆ.

ಎದ್ದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ಒಮ್ಮೆ ಓಡಿಸಿ. ತಾರೀಕು ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಸಿಆರ್2032 ಸೆಲ್ಲೂ ಬದಲಿಸಿ. ತಾರೀಕು ತಪ್ಪಿದರೆ ಬ್ಯಾಂಕಿನ ವೆಬ್‌ಸೈಟೂ ತೆರೆಯುವುದಿಲ್ಲ. ಮುಂದಿನ ಮಳೆಗಾಲದಲ್ಲಿ ವಾರಕ್ಕೆ ಒಂದೆರಡು ಸಲ ಒಂದು ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.

ಪ್ರಶ್ನೆ: ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ತೂಕದ ಯಂತ್ರಕ್ಕೆ ಸೀರಿಯಲ್ ಪೋರ್ಟಿನಲ್ಲಿ ಜೋಡಿಸಿದ ವಿಂಡೋಸ್ 98 ಕಂಪ್ಯೂಟರ್ ಇನ್ನೂ ಓಡುತ್ತಿದೆ. ‘ಸಿಸ್ಟಮ್ ರಿಸೋರ್ಸ್ ಕಡಿಮೆಯಾಗಿದೆ’ ಎಂದು ಬರುತ್ತಿತ್ತೆಂದು 256 ಎಂಬಿ ತೆಗೆದು 1 ಜಿಬಿ ಹಾಕಿಸಿದೆವು. ಈಗ ಸಾಕಷ್ಟು ಮೆಮೊರಿ ಇಲ್ಲ ಎನ್ನುತ್ತದೆ! ಹೆಚ್ಚು ಹಾಕಿದ್ದಕ್ಕೆ ಕಡಿಮೆ ಆಯಿತೇ?

ಉತ್ತರ: ಇವೆರಡೂ ಬೇರೆ ಬೇರೆ ತೊಂದರೆಗಳು, ರ‍್ಯಾಮಿನ ಕೊರತೆ ಯಾವತ್ತೂ ಇರಲಿಲ್ಲ. ವಿಂಡೋಸ್ 98ರಲ್ಲಿ ‘ಸಿಸ್ಟಮ್ ರಿಸೋರ್ಸ್’ ಎಂದರೆ ಪೂರ್ತಿ ರ‍್ಯಾಮ್ ಅಲ್ಲ. ಯೂಸರ್ ಮತ್ತು ಜಿಡಿಐ ಎಂಬ ಎರಡು ಭಾಗಗಳು ಕಿಟಕಿ, ಬಟನ್, ಐಕಾನ್, ಫಾಂಟುಗಳ ಲೆಕ್ಕ ಇಡುವ ಕೆಲವು ಖಾನೆಗಳಿವೆ; 16 ಬಿಟ್ ಕಾಲದಿಂದ ಉಳಿದುಬಂದ ಖಾನೆಗಳ ಗಾತ್ರ ತಲಾ 64 ಕೆಬಿ. ನೀವು ಎಷ್ಟೇ ರ‍್ಯಾಮ್ ಹಾಕಿದರೂ ಅವು ಹಿಗ್ಗುವುದಿಲ್ಲ. ಕೆಲವು ಪ್ರೋಗ್ರಾಂಗಳು ಮುಚ್ಚಿದ ಮೇಲೂ ತೆಗೆದುಕೊಂಡ ಜಾಗ ವಾಪಸ್ ಕೊಡುವುದಿಲ್ಲವಾದ್ದರಿಂದ ಸಂಜೆ ಹೊತ್ತಿಗೆ ಖಾಲಿಯಾಗುತ್ತದೆ.

ಆಕ್ಸೆಸರೀಸ್‌ನ ಸಿಸ್ಟಮ್ ಟೂಲ್ಸ್‌ನಲ್ಲಿ ‘ರಿಸೋರ್ಸ್ ಮೀಟರ್’ ಇದೆ, ಅದನ್ನು ಆನ್ ಮಾಡಿಡಿ. 30%ಕ್ಕಿಂತ ಕೆಳಗಿಳಿದರೆ ತೂಕ ಹಿಡಿಯುವುದನ್ನು ನಿಲ್ಲಿಸಿ ರೀಸ್ಟಾರ್ಟ್ ಮಾಡಿ. ‘ರನ್’ನಲ್ಲಿ ‘ಎಂಎಸ್‌ಕಾನ್ಫಿಗ್’ ಕೊಟ್ಟು ಸ್ಟಾರ್ಟಪ್‌ನಲ್ಲಿ ಸಿಸ್ಟಮ್‌ಟ್ರೇ, ಸ್ಕ್ಯಾನ್‌ರಿಜಿಸ್ಟ್ರಿ ಮತ್ತು ನಿಮ್ಮ ತೂಕದ ಪ್ರೋಗ್ರಾಂ ಬಿಟ್ಟು ಉಳಿದವುಗಳ ಟಿಕ್ ತೆಗೆಯಿರಿ.

1 ಜಿಬಿಯ ತೊಂದರೆ ಇನ್ನೊಂದು. 512 ಎಂಬಿಗಿಂತ ಹೆಚ್ಚು ರ‍್ಯಾಮ್ ಕಂಡರೆ ವಿಂಡೋಸ್ 98ರ ಡಿಸ್ಕ್ ಕ್ಯಾಶ್ (ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಭಾಗ) ತನಗಾಗಿ ಅತಿಯಾಗಿ ವಿಳಾಸ, ಅಂದರೆ ಮೆಮೊರಿಯ ಜಾಗ ಗುರುತಿಸುವ ಸಂಖ್ಯೆಗಳನ್ನು, ಕಾದಿರಿಸಿಕೊಳ್ಳುತ್ತದೆ, ಉಳಿದ ಪ್ರೋಗ್ರಾಂಗಳಿಗೆ ವಿಳಾಸವೇ ಸಿಗುವುದಿಲ್ಲ. ಸಿಸ್ಟಮ್ ಐಎನ್‌ಐ ಫೈಲಿನ ‘ವಿಕ್ಯಾಶ್’ ಭಾಗದಲ್ಲಿ ‘ಮ್ಯಾಕ್ಸ್‌ಫೈಲ್‌ಕ್ಯಾಶ್’ಗೆ 262144 (ಕೆಬಿ ಲೆಕ್ಕದಲ್ಲಿ, ಅಂದರೆ 256 ಎಂಬಿ) ಎಂದು ಕೊಟ್ಟು ಅದನ್ನು ತಡೆಯಬಹುದು. ಆದರೆ ನಮ್ಮ ಸಲಹೆ, ಹಳೆಯ 256 ಎಂಬಿ ಕಡ್ಡಿಯನ್ನೇ ವಾಪಸ್ ಹಾಕಿ. ತೂಕದ ಕೆಲಸಕ್ಕೆ ಅದು ಧಾರಾಳ.

ನಮಗೆ ಇದಕ್ಕಿಂತ ಚಿಂತೆಯಾಗಿರುವುದು ಬೆಳೆಗಾರರ ತೂಕದ ಲೆಕ್ಕದ ಬಗ್ಗೆ. ಅಷ್ಟು ಹಳೆಯ ಡಿಸ್ಕು ಯಾವತ್ತಾದರೂ ನಿಲ್ಲಬಹುದು. ವಿಂಡೋಸ್ 98 ಡ್ರೈವರ್ ಇಲ್ಲದೆ ಪೆನ್‌ಡ್ರೈವ್ ಗುರುತಿಸದು. ಡಿಸ್ಕ್ ಬಿಚ್ಚಿ, ಐಡಿಇಯಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ಲಿನ ಮೂಲಕ ಬೇರೆ ಕಂಪ್ಯೂಟರಿಗೆ ಇಡೀ ಡಿಸ್ಕಿನ ನಕಲು ತೆಗೆಸಿ. ಈ ಕಂಪ್ಯೂಟರಿಗೆ ಇಂಟರ್ನೆಟ್ ಮಾತ್ರ ಜೋಡಿಸಬೇಡಿ.

ಪ್ರಶ್ನೆ: ಶಿಕಾರಿಪುರದಿಂದ. 8 ಜಿಬಿ ಹಾಕಿಸಿದರೂ ವಿಂಡೋಸ್ 7ರಲ್ಲಿ ‘3.2 ಜಿಬಿ ಯೂಸಬಲ್’ ಎಂದೇ ತೋರಿಸುತ್ತದೆ. ರ‍್ಯಾಮ್ ಕ್ಲೀನರ್ ಹಾಕಿದರೆ ಸರಿಹೋದೀತೇ?

ಉತ್ತರ: ಇಲ್ಲ. ನಿಮ್ಮದು 32 ಬಿಟ್ ವಿಂಡೋಸ್. ಅದಕ್ಕೆ ಸಿಗುವ ವಿಳಾಸ 4 ಜಿಬಿ, ಅದರಲ್ಲೂ ಗ್ರಾಫಿಕ್ಸ್ ಮತ್ತಿತರ ಭಾಗಗಳಿಗೆ ಒಂದಿಷ್ಟು ಹೋಗುತ್ತದೆ. 64 ಬಿಟ್ ವಿಂಡೋಸನ್ನು ಹೊಸದಾಗಿ ಹಾಕುವುದೊಂದೇ ದಾರಿ. ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ, ಹಾಗಾಗಿ ಅದನ್ನೇ ಮತ್ತೆ ಹಾಕಬೇಡಿ. ರ‍್ಯಾಮ್ ಕ್ಲೀನರ್‌ಗಳು ಬಳಕೆಯಲ್ಲಿರುವುದನ್ನೂ ಪೇಜ್‌ಫೈಲಿಗೆ ತಳ್ಳಿ ಅಂಕಿಯನ್ನು ಚೆಂದ ಮಾಡಿ ತೋರಿಸುತ್ತವೆ. ಮರುಕ್ಷಣ ಎಲ್ಲವೂ ಡಿಸ್ಕಿನಿಂದ ವಾಪಸ್ ಬರಬೇಕು. ಯಾವುದನ್ನೂ ಹಾಕಬೇಡಿ.

ಪ್ರಶ್ನೆ: ಶಂಕರಘಟ್ಟದಲ್ಲಿ ಓದುತ್ತಿರುವ ವಿದ್ಯಾರ್ಥಿನಿ ನಾನು. ಅಣ್ಣ ಕೊಟ್ಟ 2 ಜಿಬಿ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಅಲುಗಾಡುವುದಿಲ್ಲ. ಟೈಪಿಂಗಿಗೂ ಇಂಟರ್ನೆಟ್ಟಿಗೂ ಸಾಕಾಗುವಂತೆ ಮಾಡಬಹುದೇ?

ಉತ್ತರ: ಮಾಡಬಹುದಮ್ಮಾ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಗೆ ಬರುವುದೇ ಒಳ್ಳೆಯದು. ಅದಕ್ಕೆ ಕನಿಷ್ಠ 2 ಜಿಬಿ ಬೇಕು, 4 ಇದ್ದರೆ ಆರಾಮ. ಪ್ರೊಸೆಸರ್ 64 ಬಿಟ್ ಆಗಿರಬೇಕು. ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಸೌಂಡ್ ಸರಿಯಿದೆಯೇ ನೋಡಿ, ಆಮೇಲೆ ಹಾಕಿ. ‘ಝಡ್‌ರ‍್ಯಾಮ್ ಟೂಲ್ಸ್’ ಪ್ಯಾಕೇಜ್ ಹಾಕಿ ಅದರ ಸೆಟ್ಟಿಂಗಿನಲ್ಲಿ 50% ಕೊಟ್ಟರೆ ಬಳಕೆಯಿಲ್ಲದ ಪುಟಗಳು ರ‍್ಯಾಮಿನಲ್ಲೇ ಒತ್ತಿ ಚಿಕ್ಕದಾಗಿ ಕೂರುತ್ತವೆ, ಡಿಸ್ಕಿಗೆ ಓಡುವುದು ಕಡಿಮೆಯಾಗುತ್ತದೆ. ಬ್ರೌಸರಿನಲ್ಲಿ ಒಮ್ಮೆಗೆ ನಾಲ್ಕೈದು ಟ್ಯಾಬಿಗಿಂತ ಹೆಚ್ಚು ಬೇಡ.

ಕನ್ನಡ ಟೈಪಿಂಗಿಗೆ ಐಬಸ್ ಎಂಬ ಪ್ರೋಗ್ರಾಂ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸಿಗುತ್ತದೆ, ನುಡಿಯಲ್ಲಿ ಕಲಿತ ಬೆರಳುಗಳಿಗೆ ಕಷ್ಟವಾಗದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಫೈಲುಗಳಿದ್ದರೆ ವಿಂಡೋಸ್ ಅಳಿಸುವ ಮೊದಲೇ ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಿ.