ಸೀದಾ ಉಪಗ್ರಹಕ್ಕೇ ಕೈ ಹಾಕೋದು ಬೇಡ

ಎಂಜಿನಿಯರಿಂಗ್ ಎರಡನೇ ವರ್ಷ, ನಾಲ್ಕು ಜನ ಇದ್ದೀವಿ, ಪುಟ್ಟ ಉಪಗ್ರಹ ಮಾಡಬಹುದಾ ಅಂತ ಕೇಳಿದ್ದೀರಿ. ಮೊದಲು ಕ್ಯಾನ್‌ಸ್ಯಾಟ್ ಮಾಡಿ, ಅಂದ್ರೆ ಕಕ್ಷೆಗೆ ಹೋಗದ, ಕಲಿಯೋಕೆ ಮಾಡೋ ಡಬ್ಬಿ ಗಾತ್ರದ ಮಾದರಿ ಉಪಗ್ರಹ. 350 ಮಿ.ಲೀ. ಕೂಲ್‌ಡ್ರಿಂಕ್ ಡಬ್ಬಿಯೊಳಗೆ ಬ್ಯಾಟರಿ, ಸೆನ್ಸರ್, ರೇಡಿಯೋ ಎಲ್ಲಾ ಕೂರಬೇಕು, ಅಷ್ಟೇ. 1998ರಲ್ಲಿ ಈ ಐಡಿಯಾ ಕೊಟ್ಟವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಬಾಬ್ ಟ್ವಿಗ್ಸ್. ನಿಜವಾಗಿಯೂ ಕಕ್ಷೆಗೆ ಹೋಗೋ ಪುಟ್ಟ ಉಪಗ್ರಹ ಕ್ಯೂಬ್‌ಸ್ಯಾಟ್, ಅದರ 10 ಸೆಂ.ಮೀ. ಘನದ ಅಳತೆಯನ್ನು 1999ರಲ್ಲಿ ಕ್ಯಾಲ್ ಪಾಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಜೋರ್ಡಿ ಪುಯಿಗ್-ಸುವಾರಿ ಜೊತೆ ಸೇರಿ ರೂಪಿಸಿದವರೂ ಅವರೇ. ಅಂದ್ರೆ ದಾರಿ ಒಂದೇ, ಇದು ಮೊದಲ ಮೆಟ್ಟಿಲು.

ಇನ್ನೊಂದು ಮಾತು. ಕಟ್ಟೋಕೆ ಎರಡು ತಿಂಗಳು ಇಟ್ಟುಕೊಂಡರೆ ಟೆಸ್ಟಿಗೂ ಅಷ್ಟೇ ಇಟ್ಟುಕೊಳ್ಳಿ. ನಾವು ಬಲೂನಿಗೆ ಕಟ್ಟಿ ಬಿಡೋಕೆ ಒಂದು ಪೆಟ್ಟಿಗೆ ಮಾಡಿದ್ದೆವು. ಟೇಬಲ್ ಮೇಲೆ ಮೂರು ದಿನ ಚೆನ್ನಾಗಿಯೇ ಓಡಿತು. ಬಲೂನು ಏರೋ ಎತ್ತರದಲ್ಲಿ ಚಳಿ ಮೈನಸ್ 50 ಡಿಗ್ರಿಗಿಂತ ಕೆಳಗೆ ಹೋಗುತ್ತಲ್ಲ, ನೋಡೋಣ ಅಂತ ಸುಮ್ನೆ ಮನೆಯ ಫ್ರೀಜರ್‌ನಲ್ಲಿಟ್ಟೆವು. ಅಲ್ಲಿ ಇರೋದು ಮೈನಸ್ 18 ಮಾತ್ರ. ಬೆಳಿಗ್ಗೆ ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಎರಡು ಗಂಟೆ ಸರಿಯಾದ ಅಂಕಿಗಳು, ಆಮೇಲೆ ಪ್ರತಿ 30 ಸೆಕೆಂಡಿಗೊಮ್ಮೆ 'ಸ್ಟಾರ್ಟ್', 'ಸ್ಟಾರ್ಟ್', 'ಸ್ಟಾರ್ಟ್', ಪುಟಗಟ್ಟಲೆ ಅದೇ. ಪ್ರೋಗ್ರಾಂ ಬರೆದವನನ್ನು ಒಂದು ವಾರ ಬೈದೆವು, ಪಾಪ. ತಪ್ಪು ಅವನದಲ್ಲ. ತಣ್ಣಗಾದ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಏರುತ್ತೆ, ರೇಡಿಯೋ ಸಿಗ್ನಲ್ ಕಳಿಸೋಕೆ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತಿತ್ತು. ಹೇಗೂ ಬಿಸಿಯಾಗೋ ರೇಡಿಯೋ ಪಕ್ಕಕ್ಕೇ ಬ್ಯಾಟರಿ ಕೂರಿಸಿ ಎರಡನ್ನೂ ಸೇರಿಸಿ ಥರ್ಮೋಕೋಲ್ ಸುತ್ತಿದ ಮೇಲೆ ರಾತ್ರಿಯಿಡೀ ಓಡಿತು. ನೀವು ಮೊದಲೇ ರೀಚಾರ್ಜ್ ಆಗದ ಲಿಥಿಯಂ ಎಎ ಸೆಲ್ ಹಾಕಿಬಿಡಿ, ಅವು ಚಳಿಗೆ ಚೆನ್ನಾಗಿ ತಡೆಯುತ್ತವೆ.

ಕ್ಯೂಬ್‌ಸ್ಯಾಟ್‌ಗೆ ಬಂದಾಗ ಇದೇ ಸಮಸ್ಯೆ ತಿರುವುಮುರುವು. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಫ್ಯಾನ್ ಇಟ್ಟರೂ ದಂಡ. ಬಿಸಿಯಾಗೋ ಎಲೆಕ್ಟ್ರಾನಿಕ್ ಚಿಪ್‌ನಿಂದ ಶಾಖ ಲೋಹದ ಚೌಕಟ್ಟಿಗೆ ಹರಿದು ಅಲ್ಲಿಂದ ವಿಕಿರಣವಾಗಿಯೇ ಹೊರಗೆ ಹೋಗಬೇಕು. ಅದಕ್ಕೇ ಗಾಳಿ ಹೊರತೆಗೆದ ಕೋಣೆಯಲ್ಲಿ, ಅಂದ್ರೆ ವ್ಯಾಕ್ಯೂಮ್ ಚೇಂಬರ್‌ನಲ್ಲಿ, ಟೆಸ್ಟ್. ರಾಕೆಟ್ಟಿನ ಅಲುಗಾಟ ತಡೆಯುತ್ತಾ ಅಂತ ನೋಡೋ ಕಂಪನದ ಟೆಸ್ಟ್ ಬೇರೆ ಇದೆ, ಅದರಲ್ಲಿ ಅಂಟು ಹಚ್ಚದ ಸ್ಕ್ರೂಗಳು ತಾವಾಗೇ ಬಿಚ್ಚಿಕೊಳ್ಳಬಹುದು.

ಫ್ರೀಜರ್ ಟೆಸ್ಟ್ ಮಾಡೋವಾಗ ಪೆಟ್ಟಿಗೆಯನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹೊರಗೆ ತೆಗೆದ ತಕ್ಷಣ ಬಿಚ್ಚಬೇಡಿ, ರೂಮಿನ ಬಿಸಿಗೆ ಬರೋವರೆಗೂ ಬಿಡಿ, ಇಲ್ಲಾಂದ್ರೆ ಬೋರ್ಡ್ ಮೇಲೆ ನೀರು ಕೂರುತ್ತೆ. ನಮ್ಮದೊಂದು ಸೆನ್ಸರ್ ಹೋಗಿದ್ದು ಹಾಗೇ.