ಮೀಟಿಂಗ್ ಬಾಗಿಲಿಂದ ವಾಪಸ್ ಬಂದೆ

ಪ್ರಶ್ನೆ: ನನಗೆ 41 ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ ಇದೆ. ಹೋದ ವರ್ಷ ಮದ್ಯವರ್ಜನ ಶಿಬಿರದಲ್ಲಿ ಎಂಟು ದಿನ ಇದ್ದು ಬಂದೆ. ನಾಲ್ಕು ತಿಂಗಳು ಮುಟ್ಟಲಿಲ್ಲ. ಅಡಿಕೆ ಕೊಯ್ಲು ಶುರುವಾದಾಗ ಮತ್ತೆ ಹಿಡಿಯಿತು. ಡಾಕ್ಟರು ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಮೀಟಿಂಗಿಗೆ ಹೋಗಿ ಅಂದರು. ಶಿವಮೊಗ್ಗಕ್ಕೆ ಹೋದೆ. ಬಾಗಿಲ ಹತ್ತಿರ ನಮ್ಮ ಕಡೆಯವರೊಬ್ಬರು ಕಂಡರು, ವಾಪಸ್ ಬಂದುಬಿಟ್ಟೆ. ಒಳಗೆ ಏನು ಮಾಡಿಸುತ್ತಾರೆ? ಎದ್ದು ಮಾತಾಡಲೇಬೇಕಾ? ಫೀಸ್ ಎಷ್ಟು? ವಾರ ವಾರ ಅಷ್ಟು ದೂರ ಹೋಗೋದು ಹೇಗೆ?
— ಹೆಸರು ಬೇಡ

ಉತ್ತರ: ಬಾಗಿಲ ತನಕ ಹೋಗಿದ್ದೀರಿ. ಅದು ಸಣ್ಣ ಮಾತಲ್ಲ. ನಾನು ಮೂರು ಶುಕ್ರವಾರ ಎದುರಿನ ಅಂಗಡಿಯಲ್ಲಿ ಟೀ ಕುಡಿದು ಮನೆಗೆ ಬಂದಿದ್ದೆ. ಬಸ್ ಕಂಡಕ್ಟರ್ ಆಗಿದ್ದವನು ನಾನು. ಅರ್ಧ ಜಿಲ್ಲೆಗೆ ನನ್ನ ಮುಖ ಗೊತ್ತು. ನಾಲ್ಕನೇ ವಾರ ನನ್ನ ಬಸ್ಸಿನಲ್ಲೇ ದಿನಾ ಓಡಾಡುತ್ತಿದ್ದ ಮೇಷ್ಟ್ರೊಬ್ಬರು ಹೊರಗೆ ಬಂದು, ಇನ್ನೊಂದು ಟೀ ಹೇಳಿ, ನನ್ನ ಪಕ್ಕ ಕೂತರು. ಏನೂ ಕೇಳಲಿಲ್ಲ. ಟೀ ಮುಗಿದ ಮೇಲೆ ಇಬ್ಬರೂ ಒಳಗೆ ಹೋದೆವು. ಅದಾಗಿ 16 ವರ್ಷ ಆಯಿತು.

ನೀವು ಕಂಡ ಆ ಪರಿಚಯದವರೂ ಬಹುಶಃ ಇದೇ ಕಷ್ಟಕ್ಕೆ ಬಂದವರು. ನಿಮ್ಮನ್ನು ಕಂಡು ಅವರ ಎದೆಯೂ ಧಸಕ್ ಅಂದಿರಬಹುದು, ಅಲ್ವಾ? ಅಲ್ಲಿ ಕೇಳಿದ್ದನ್ನು, ಕಂಡವರನ್ನು ಅಲ್ಲೇ ಬಿಟ್ಟು ಬರಬೇಕು ಅನ್ನುವುದು ನಮ್ಮಲ್ಲಿ ಗಟ್ಟಿ ಮಾತು. ಪತ್ರಿಕೆಯಲ್ಲಿ ಹೆಸರು, ಫೋಟೋ ಹಾಕಿಕೊಳ್ಳುವುದಿಲ್ಲ ಎಂಬ ಪದ್ಧತಿಯೂ ಇದೆ. ಅದಕ್ಕೇ ನಾನೂ ಇಲ್ಲಿ ಹೆಸರು ಬರೆಯುತ್ತಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಮೊದಲ ಕೆಲವು ಸಲ ಬೇರೆ ಊರಿನ ಮೀಟಿಂಗಿಗೆ ಹೋಗಿ. ಎಲ್ಲಿಗಾದರೂ ಹೋಗಬಹುದು.

ಒಳಗೆ ಕುರ್ಚಿ, ಟೀ, ಗೋಡೆ ಮೇಲೆ ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳ ಪಟ್ಟಿ. ಒಂದು ಗಂಟೆ, ಒಂದೂವರೆ ಗಂಟೆ ನಡೆಯುತ್ತದೆ. ಒಬ್ಬೊಬ್ಬರೇ ಹೆಸರು ಹೇಳಿ, ನಾನು ಮದ್ಯವ್ಯಸನಿ ಎಂದು ಹೇಳಿ, ತಮ್ಮ ಕಥೆ ಹೇಳುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳುತ್ತೇನೆ’ ಅಂದರೆ ಸಾಕು. ನಾನು ಎರಡು ತಿಂಗಳು ಸುಮ್ನೆ ಕೂತಿದ್ದೆ. ಫೀಸ್ ಇಲ್ಲ. ಕೊನೆಗೆ ಒಂದು ಡಬ್ಬಿ ಸುತ್ತಿ ಬರುತ್ತದೆ, ಇಷ್ಟವಿದ್ದರೆ ಹಾಕಿ. ಕುಡಿತ ಬಿಡಬೇಕು ಎಂಬ ಆಸೆಯೊಂದಿದ್ದರೆ ನೀವು ಸದಸ್ಯರು. ದೇವರ ಮಾತು ಬರುತ್ತದೆ. ಯಾವ ದೇವರು ಅಂತ ಯಾರೂ ಕೇಳುವುದಿಲ್ಲ.

ಬರೀ ಮಾತಿನಿಂದ ಏನಾಗುತ್ತದೆ ಅನ್ನಿಸಬಹುದು. ಇದು ಶುರುವಾದದ್ದೇ ಮಾತಿನಿಂದ. 1935ರಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ ಬಿಲ್ ಎಂಬುವರು ಒಬ್ಬರೇ ಇದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತ್ತು, ಪಕ್ಕದಲ್ಲೇ ಬಾರ್ ಇತ್ತು. ಅವರು ಬಾರಿಗೆ ಹೋಗದೆ ಫೋನ್ ಹಿಡಿದು, ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿದರು. ಸಿಕ್ಕವರು ಡಾಕ್ಟರ್ ಬಾಬ್. ಅವರಿಬ್ಬರಿಂದ ಎ.ಎ. ಹುಟ್ಟಿತು. ನಿಮಗೂ ಬೇಕಾದ್ದು ಅಂಥ ಒಂದು ಫೋನ್ ನಂಬರ್. ಅಡಿಕೆ ಸುಲಿಯುವ ರಾತ್ರಿ ಯಾರೋ ಕ್ವಾರ್ಟರ್ ತಂದಿಟ್ಟಾಗ, ವ್ಯಾಪಾರಿ ಕೊಟ್ಟ ದುಡ್ಡು ಜೇಬಿನಲ್ಲಿದ್ದಾಗ, ಮೊದಲ ಗ್ಲಾಸಿಗಿಂತ ಮುಂಚೆ ಆ ನಂಬರ್ ಒತ್ತಬೇಕು. ಮೀಟಿಂಗಿನಲ್ಲಿ ಹಳಬರೊಬ್ಬರನ್ನು ‘ನನಗೆ ಸ್ಪಾನ್ಸರ್ ಆಗ್ತೀರಾ’ ಅಂತ ಕೇಳಿ. ಸ್ಪಾನ್ಸರ್ ಅಂದರೆ ಹೊಸಬರ ಕೈ ಹಿಡಿದು ನಡೆಸುವ ಹಳಬರು. ಕೊಯ್ಲಿನ ಹೊತ್ತಿನಲ್ಲಿ ಜಾರಿದ್ದನ್ನೂ ಮುಚ್ಚಿಡದೆ ಹೇಳಿ. ಜಾರಿ ಬಿದ್ದು ಮತ್ತೆ ಬಂದವರು ಆ ಕುರ್ಚಿಗಳಲ್ಲಿ ಎಷ್ಟೋ ಜನ ಇದ್ದಾರೆ.

ದೂರದ ಮಾತು ನಿಜ. ಸಂಜೆ ಮೀಟಿಂಗ್ ಮುಗಿಯುವಾಗ ನಿಮ್ಮ ಕಡೆಯ ಕೊನೆ ಬಸ್ ಹೋಗಿರಬಹುದು. ವಾರಕ್ಕೊಮ್ಮೆ ಪೇಟೆ ಕೆಲಸದ ದಿನವನ್ನೇ ಮೀಟಿಂಗ್ ದಿನ ಮಾಡಿಕೊಳ್ಳಿ. ಉಳಿದ ದಿನಕ್ಕೆ ಮೊಬೈಲಿನಲ್ಲಿ ನಡೆಯುವ ಆನ್‌ಲೈನ್ ಮೀಟಿಂಗ್ ಇವೆ. ನಮ್ಮ ಗುಂಪಿನ ಒಬ್ಬರು ನೆಟ್‌ವರ್ಕಿಗಾಗಿ ಕೊಡೆ ಹಿಡಿದು ಮನೆ ಹಿಂದಿನ ಗುಡ್ಡ ಹತ್ತಿ ಕೂರುತ್ತಾರೆ, ಮಳೆಗಾಲದಲ್ಲೂ. ಮೀಟಿಂಗಿನ ಜಾಗ, ಸಮಯ ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ನಿಮ್ಮ ಶಿಬಿರ ಧರ್ಮಸ್ಥಳದ ಜನಜಾಗೃತಿ ವೇದಿಕೆಯದ್ದಾಗಿದ್ದರೆ, ಶಿಬಿರ ಮುಗಿಸಿದವರ ಅವರ ನವಜೀವನ ಸಮಿತಿ ನಿಮ್ಮ ಹತ್ತಿರ ಸೇರುತ್ತದಾ ಎಂದೂ ವಿಚಾರಿಸಿ. ಎರಡಕ್ಕೂ ಹೋದರೆ ತಪ್ಪಿಲ್ಲ. ನಿಮ್ಮ ಮನೆಯವರಿಗೆ ಬೇರೆಯೇ ಅಲ್-ಅನಾನ್ ಎಂಬ ಕೂಟ ಇದೆ. ನನ್ನ ಹೆಂಡತಿ ಅಲ್ಲಿಗೆ ಹೋದ ಮೇಲೆಯೇ ಮೊದಲ ಸಲ ನಿದ್ದೆ ಮಾಡಿದ್ದು.

ಒಂದು ವಿಷಯಕ್ಕೆ ಮಾತ್ರ ಮೀಟಿಂಗ್ ಸಾಲದು. ಬೆಳಿಗ್ಗೆ ಕೈ ನಡುಗುತ್ತಿದ್ದರೆ, ಎದ್ದ ಕೂಡಲೇ ಕುಡಿಯಬೇಕು ಅನ್ನಿಸುತ್ತಿದ್ದರೆ, ಮನೆಯಲ್ಲಿ ಒಬ್ಬರೇ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಅಪಾಯ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಮನೋವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತಿನಲ್ಲಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಗುಂಪಿನ ವಿಳಾಸ, ನನ್ನ ನಂಬರ್ ಎರಡನ್ನೂ ಬೇರೆ ಕಾಗದದಲ್ಲಿ ಕಳಿಸಿದ್ದೇನೆ. ಶುಕ್ರವಾರ ಐದೂವರೆಗೆ ಎದುರಿನ ಟೀ ಅಂಗಡಿಯಲ್ಲಿರುತ್ತೇನೆ. ಹೆಗಲಿಗೆ ಹಳೇ ಚರ್ಮದ ಚೀಲ ಇರುತ್ತದೆ, ಗುರುತು ಸಿಗುತ್ತದೆ.