ಮೊದಲ ಬ್ಯಾಚ್‌ಗೆ ಈಗಲೇ ಮುಂಗಡ ಬೇಡ
ಸಣ್ಣ ಕಂಪನಿಯ ಹೊಸ ಕಾಂಪ್ಯಾಕ್ಟ್ 9 ಎಂಎಂ ಪಿಸ್ತೂಲಿಗೆ ಈಗಲೇ ಮುಂಗಡ ಕೊಡಬಹುದಾ ಅಂತ ಕೇಳಿದ್ದೀರಿ. ಅದರ ವಿನ್ಯಾಸ ನನಗೂ ತುಂಬಾ ಹಿಡಿಸಿದೆ. ಆದರೂ ಸ್ವಲ್ಪ ಕಾಯಿರಿ.

ಪಿಸ್ತೂಲು ಚಿಕ್ಕದಾದಷ್ಟೂ ಅದನ್ನು ಸರಿಯಾಗಿ ಮಾಡುವುದು ಕಷ್ಟ. ಸ್ಲೈಡ್ (ಗುಂಡು ಹಾರಿದಾಗ ಹಿಂದೆ ಸರಿದು ಮತ್ತೆ ಮುಂದೆ ಬರುವ ಮೇಲಿನ ಭಾಗ) ಹಗುರ, ಅದು ಹಿಂದೆ ಸರಿಯುವ ದೂರವೂ ಕಡಿಮೆ. ಅಷ್ಟರೊಳಗೆ ಹಾರಿದ ಗುಂಡಿನ ಖಾಲಿ ಕೇಸ್ (ಹೊರಕವಚ) ಹೊರಬೀಳಬೇಕು, ಗುಂಡು ತುಂಬಿಡುವ ಮ್ಯಾಗಜೀನ್‌ನ ಸ್ಪ್ರಿಂಗ್ ಮುಂದಿನ ಗುಂಡನ್ನು ಮೇಲೆತ್ತಬೇಕು. ಸ್ಪ್ರಿಂಗ್ ಲೆಕ್ಕ ಚೂರು ತಪ್ಪಿದರೂ ಜಾಮ್ ಆಗುತ್ತದೆ. ರೆಮಿಂಗ್ಟನ್‌ನಂಥ ಹಳೇ ದೊಡ್ಡ ಕಂಪನಿಯೇ 2014ರಲ್ಲಿ ಆರ್51 ಅನ್ನುವ ಚಿಕ್ಕ ಪಿಸ್ತೂಲು ಬಿಡುಗಡೆ ಮಾಡಿ, ಅದೇ ವರ್ಷ ವಾಪಸ್ ತರಿಸಿಕೊಳ್ಳಬೇಕಾಯಿತು. ಸಣ್ಣವರಿಗೆ ಅಂಥ ಪೆಟ್ಟು ತಡೆಯುವುದು ಇನ್ನೂ ಕಷ್ಟ, ಅಲ್ವಾ?

ಮೊದಲು ಕೊಂಡವರು ಬೇರೆ ಬೇರೆ ಗುಂಡು ಹಾಕಿ 500 ಸುತ್ತಾದರೂ ಹಾರಿಸಿ ನೋಡಲಿ. ಬಿಡಿ ಮ್ಯಾಗಜೀನ್ ಸುಲಭವಾಗಿ ಸಿಗುತ್ತದಾ ಅಂತಲೂ ವಿಚಾರಿಸಿ.